ಅಕ್ಕನ ಮೀಸೆಗೆ ಬೆಲ್ಲದ ಪಾಕ

ಈಗಷ್ಟೇ ಒಲೆಯ ಮೇಲಿನ ಸಕ್ಕರೆ ಪಾಕಕ್ಕೆ ನಿಂಬೆಹಣ್ಣು ಹಿಂಡಿದೆ ನೋಡಿ, ಅಜ್ಜಂಪುರದ ನಮ್ಮ ಹಳೆಯ ಅಡುಗೆಮನೆಯೇ ಎದ್ದು ಬಂದು ಎದುರಿಗೆ ನಿಂತಿತು!

ಎಪ್ಪತ್ತರ ದಶಕದ ಕೊನೆ. ನಾನು ಮಿಡ್ಲ್ ಸ್ಕೂಲು, ಅಕ್ಕ ತರೀಕೆರೆಯಲ್ಲಿ ಕಾಲೇಜು. ಅವಳ ಮೇಲ್ದುಟಿಯ ಮೇಲೆ ತೆಳ್ಳಗೆ ಕೂದಲಿತ್ತು. ಬಸ್ಸಿನಲ್ಲಿ ಯಾರೋ ‘ಮೀಸೆ’ ಅಂದದ್ದೇ ಸರಿ, ಅವತ್ತಿನಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ಅವಳು ಮಾತಾಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದವಳು ಹಿಂದಿನ ದಿನ ಹಟ ಹಿಡಿದಳು: “ಇದು ಹೋಗ್ಲಿಲ್ಲ ಅಂದ್ರೆ ನಾನು ಸ್ಟೇಜ್ ಹತ್ತಲ್ಲ ಕಣೇ.”

ನಾನಿದ್ದೆನಲ್ಲ! ಯಾವುದೋ ವಾರಪತ್ರಿಕೆಯ ಸೌಂದರ್ಯದ ಪುಟ ಓದಿ ಪಂಡಿತೆಯಾಗಿದ್ದೆ. ಅರಿಸಿನ, ಕಡಲೆಹಿಟ್ಟು ಉಜ್ಜುವುದೆಲ್ಲ ಅಜ್ಜಿಯ ಕಾಲದ್ದು. ಸಕ್ಕರೆ ಪಾಕ ಬಳಿದು, ಬಟ್ಟೆ ಅಂಟಿಸಿ, ಸರ್ರನೆ ಎಳೆಯುವುದು ಹೊಸದು. ಸಕ್ಕರೆ ಡಬ್ಬಿ ಅಮ್ಮನ ಕಾವಲಿನಲ್ಲಿತ್ತು. ಬೆಲ್ಲವಾದರೇನು ಎಂದುಕೊಂಡೆ. ಹದ? ನನಗೆ ಗೊತ್ತಿದ್ದದ್ದು ಒಂದೇ, ಕಡಲೆಕಾಯಿ ಉಂಡೆಯದು. ನೀರಿಗೆ ಬಿಟ್ಟರೆ ಗಟ್ಟಿಯಾಗಿ ಟಣ್ ಅನ್ನಬೇಕು. ಅನ್ನಿಸಿದೆ!

ಬಿಸಿ ಕೊಂಚ ಇಳಿದದ್ದೇ ತಡ, ಬಳಿದು ಬಟ್ಟೆ ಒತ್ತಿದೆ. ಎಳೆಯುವಷ್ಟರಲ್ಲಿ ಬಟ್ಟೆ ಸಮೇತ ಕಲ್ಲಾಗಿತ್ತು. ಅಕ್ಕ “ಊಂ, ಊಂ” ಅನ್ನುವುದು ಕೇಳಿ ಅಜ್ಜಿ ಬಂದಳು.

“ಲೇ, ಉಂಡೆ ಕಟ್ಟಕ್ಕೆ ಇವಳ್ ಮೂತೀನೇ ಬೇಕಿತ್ತೇನೇ?”

ಅಜ್ಜಿ ಬಿಸಿನೀರಿನ ಬಟ್ಟೆ ಒತ್ತುತ್ತಾ ಹೋದಂತೆ ಬೆಲ್ಲ ಕರಗಿ ಸುರಿಯಿತು. ಅಕ್ಕ ಎರಡೂ ಕೈಯೊಡ್ಡಿ ಹಿಡಿದುಕೊಂಡಳು. ತುಟಿ ನೆಕ್ಕಿ, “ಅಜ್ಜೀ, ಪಾಕ ಚೆನ್ನಾಗ್ ಬಂದೈತೆ ಕಣೇ!” ಎಂದು ನಕ್ಕಳು. ಅಡ್ಡ ಇಡೋಣವೆಂದರೆ ಕೈಯೆಲ್ಲ ಅಂಟು! ಎಷ್ಟು ಕಾಲವಾಗಿತ್ತು ಅವಳ ಹಲ್ಲು ನೋಡಿ!

ಬೆಳಗ್ಗೆ ತುಟಿ ಕೆಂಪಗಾಗಿತ್ತು. ಕೂದಲು ಇದ್ದಲ್ಲೇ ಇತ್ತು.

“ಹೋಗ್ತೀಯಾ?” ಎಂದೆ ಹೆದರುತ್ತಾ.

“ಇಷ್ಟ್ ಉರ್ಸ್ಕೊಂಡ್ಮೇಲೆ ಮನೇಲಿ ಕೂರ್ಲಾ? ನಡಿ, ನೀನೂ ಬಾ.”

ಅವಳು ಸ್ಟೇಜ್ ಹತ್ತಿದ್ದೇ ಹಿಂದಿನಿಂದ ಒಬ್ಬ ಕೂಗಿದ: “ಏ, ಮೀಸೆ ಬಂತು!”

ಅಕ್ಕನ ಕೈ ಬಾಯಿಯ ತನಕ ಹೋಯಿತು. ಕೈ ಇಳಿಯಿತು. “ಹೂಂ ಕಣಪ್ಪಾ, ನಂಗೆ ಬಂತು. ನಿಂಗಿನ್ನೂ ಬಂದಿಲ್ವಾ?”

ಅಬ್ಬಾ, ಆ ಚಪ್ಪಾಳೆ! ಬಹುಮಾನ ಯಾರಿಗೆ ಬಂತೋ ನನಗೆ ನೆನಪೇ ಇಲ್ಲ.

ಇವತ್ತು ಮಾತ್ರ ಸರಿಯಾದ ಹದ ಸಿಕ್ಕಿಬಿಟ್ಟಿದೆ! ನನ್ನ ಮುಂಗೈಗೆ ಬಳಿದು ಎಳೆದೆ, ನುಣ್ಣಗಾಯಿತು. ಬಟ್ಟಲು ಹಿಡಿದು ನಡುಮನೆಗೆ ಓಡಿದೆ. ಊರಿಂದ ಬಂದಿರುವ ಅಕ್ಕ ಯಾರಿಗೋ ಕಥೆ ಹೇಳುತ್ತಾ ಬಾಯ್ತುಂಬ ನಗುತ್ತಿದ್ದಳು.

“ಅಕ್ಕಾ, ಬಾರೇ, ಈಗ ತೆಗೆದ್ಬಿಡ್ತೀನಿ!”

“ಏನನ್ನ?” ಎಂದಳು ಅಕ್ಕ, ನಿಜಕ್ಕೂ ತಿಳಿಯದೆ.

ಒಳಗೆ ಬಂದು ಪಾಕವನ್ನು ಇನ್ನಷ್ಟು ಕಾಯಿಸಿದೆ. ಟಣ್ ಅಂದಮೇಲೆ ಕಡಲೆಕಾಯಿ ಬೀಜ ಸುರಿದೆ.