ನೀರಿನ ಮೇಲೆ ಮಲಗುವುದು

ಮೂರನೆಯ ತರಗತಿಗೆ ಪ್ರತಿವರ್ಷ ಒಂದು ಪಾಠ ಮಾಡುತ್ತೇನೆ. ಬಕೆಟ್ಟಿನ ನೀರಿಗೆ ಎಲೆ, ಕಲ್ಲು, ಮೊಳೆ, ಬೆಂಕಿಪೊಟ್ಟಣ ಒಂದೊಂದಾಗಿ ಹಾಕುವುದು; ಬೋರ್ಡಿನ ಎಡಕ್ಕೆ ‘ತೇಲುವವು’, ಬಲಕ್ಕೆ ‘ಮುಳುಗುವವು’ ಎಂದು ಬರೆಯುವುದು. ಇಪ್ಪತ್ತು ವರ್ಷ ಇದನ್ನು ಕಲಿಸಿದ ನನಗೆ ಮೊಣಕಾಲುದ್ದದ ನೀರು ಕಂಡರೂ ಎದೆ ಝಲ್ಲೆನ್ನುತ್ತಿತ್ತು.

ಈಗಿನ ನನ್ನ ಶಾಲೆ ಇರುವುದು ಕೃಷ್ಣೆಯ ನಡುಗಡ್ಡೆಯಲ್ಲಿ. ಸುರಪುರದಿಂದ ಬಸ್ಸಿನಲ್ಲಿ ದಂಡೆಗೆ ಬಂದು, ಬೇಸಿಗೆಯಾದರೆ ಬಂಡೆಗಳ ಮೇಲೆ ನಡೆದೇ ದಾಟುತ್ತೇನೆ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿಗೋಲೇ ಗತಿ. ಮೊದಲ ಮಳೆಗಾಲದಲ್ಲಿ ಪಕ್ಕದವಳ ಸೆರಗು ಹಿಡಿದು, ಕಣ್ಣು ಮುಚ್ಚಿ ಕೂತೆ. ಒಮ್ಮೆ ಹೆದರಿ ಎದ್ದು ನಿಂತೇಬಿಟ್ಟೆ. ಹರಿಗೋಲು ವಾಲಿತು.

“ಇನ್ನೊಮ್ಮಿ ಎದ್ದ್ರ ಇಲ್ಲೇ ಇಳಸ್ತೀನ್ರಿ ಅಕ್ಕೋರ!” ಎಂದು ಹುಟ್ಟು ಹಾಕುವವನು ಗದರಿದ.

ಆ ಸಂಜೆಯೇ ವರ್ಗಾವಣೆಯ ಅರ್ಜಿ ಬರೆದೆ. ಶಾಲೆಗೆ ಇದ್ದ ಶಿಕ್ಷಕಿ ನಾನೊಬ್ಬಳೇ, ಹೋದರೆ ಬಾಗಿಲಿಗೆ ಬೀಗ ಬೀಳುತ್ತದೆ ಎಂದು ಗೊತ್ತಿದ್ದೂ ಬರೆದೆ.

ಮರುದಿನ ಶಾಲೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಬಿಸಿಯೂಟ ಮಾಡುವ ಆಯಿಗೆ.

“ಕಾಗದಾ ಹಂಗ ಇರಲಿ. ಬ್ಯಾಸಿಗ್ಯಾಗ ನಮ್ಮ ಬಾವಿಗೆ ಬರ್ರಿ” ಅಂದಳು.

ಆಯಿಯ ಮನೆಯ ಜಂತಿಗೆ ಒಣಗಿದ ಸೋರೆ ಬುರುಡೆಗಳು ತೂಗುತ್ತಿದ್ದವು. ಆ ಊರಲ್ಲಿ ನೀರಿಗಿಳಿಯಲು ಕಲಿಯುವವರಿಗೆಲ್ಲ ಅವೇ ಆಸರೆ. ಹಗ್ಗಕ್ಕೆ ಬಿಗಿದ ಎರಡು ಬುರುಡೆ ನನ್ನ ಕೈಗಿತ್ತಳು. ಕಟ್ಟಿಕೊಳ್ಳುವುದೆಂದರೆ ಕೆಲಸದ ಹೊತ್ತಿನಲ್ಲಿ ಸೆರಗು ಸಿಕ್ಕಿಸುವ ಜಾಗವೇ ನನಗೆ ತಿಳಿದದ್ದು. ಸೊಂಟಕ್ಕೆ ಕಟ್ಟಿಕೊಂಡು ಬಾವಿಯ ಮೆಟ್ಟಿಲಿಳಿದೆ. ನೀರಿಗೆ ಬಿದ್ದದ್ದೇ ಸೊಂಟ ಮೇಲೆ, ತಲೆ ಕೆಳಗೆ. ಆಯಿ ಜಡೆ ಹಿಡಿದು ಎತ್ತಿದಳು.

“ಅಕ್ಕೋರ, ಕುಂಡಿ ಪಾಸಾತ್ರಿ, ತಲಿ ನಪಾಸು!”

ಬುರುಡೆಗಳನ್ನು ಕಂಕುಳಿಗೆ ಏರಿಸಿ ಕಟ್ಟಿ, ನನ್ನ ಬೆನ್ನಿನಡಿ ಅಂಗೈ ಇಟ್ಟಳು.

“ತೇಲಬೇಕಂದ್ರ ಕೈ ಹೆಂಗ ಬಡೀಬೇಕು ಆಯಿ?”

“ಕೈ ಬಡದ್ರ ಈಜು. ಅದು ಆಮ್ಯಾಲ. ಈಗ ಸುಮ್ನ ಮಕ್ಕೋರಿ. ಹಾಸಿಗಿಗೆ ಯಾರರ ಒದೀತಾರೇನು?”

ಆಯಿಯ ಮಾತಿನಲ್ಲಿ ತೇಲುವವೇ ಬೇರೆ. ಕುದಿಯುವ ನೀರಿಗೆ ಬಿಟ್ಟ ಕಡಬು ಬೆಂದ ಮೇಲೆ ತೇಲುತ್ತದೆ. ಕೇಳಿದ್ದಕ್ಕೆ ನೇರ ಉತ್ತರ ಕೊಡದವನು ಮಾತು ತೇಲಿಸುತ್ತಾನೆ. ಮನುಷ್ಯರು ಮಾತ್ರ ನೀರಿನ ಮೇಲೆ ಮಲಗುತ್ತಾರೆ. ನನ್ನ ಬೋರ್ಡಿನ ಎರಡು ಸಾಲಿಗಿಂತ ಅದೇ ಒಂದು ಮಾತು ನನ್ನ ಮೈಗೆ ತಿಳಿಯಿತು. ನೀರನ್ನು ಗೆಲ್ಲಬೇಕಿರಲಿಲ್ಲ, ನಂಬಿ ಮೈ ಬಿಡಬೇಕಿತ್ತು.

ಶನಿವಾರ ಶಾಲೆ ಬೇಗ ಬಿಡುತ್ತದೆ. ಅಂಥ ಐದನೆಯ ಶನಿವಾರ, ಬುರುಡೆಯನ್ನೂ ಬಿಚ್ಚಿಟ್ಟು, ಬಾವಿಯ ಬಾಯಷ್ಟು ಗುಂಡಗಿನ ಮುಗಿಲು ನೋಡುತ್ತ ಮಲಗಿದ್ದೆ.

“ಕೈ ಮಾತ್ರ ತೆಗೀಬ್ಯಾಡ ಆಯಿ” ಅಂದೆ.

“ತಗದು ಭಾಳ ಹೊತ್ತಾತ್ರಿ. ಎಲಿ ಅಡಿಕಿ ಹಾಕ್ಕೊಂಡು ಕುಂತೀನಿ.” ದನಿ ಮೆಟ್ಟಿಲ ಮೇಲಿನಿಂದ ಬಂತು. ಗಾಬರಿಯಾಗಿ ಒಂದು ಗುಟುಕು ನೀರು ಕುಡಿದೆ. ಆದರೆ ಮುಳುಗಲಿಲ್ಲ.

ಅರ್ಜಿಯನ್ನು ಆಯಿಯೇ ಒಲೆಗೆ ಹಾಕಿ ಚಹಾ ಕಾಸಿದಳು. ಶಾಲೆಗೆ ಬೀಗ ಬೀಳಲಿಲ್ಲ.

ನನ್ನಂಥ ನಲವತ್ತೇಳರ ಹೆಂಗಸನ್ನು ಹಿಡಿದು ಕೂತು ಕಲಿಸುವ ಪುರುಸೊತ್ತು ಯಾರಿಗಿರುತ್ತದೆ? ಅವಳಿಗಿತ್ತು. ಈಗ ಪಂಚಮಿಗೆ ಕಡಬು ಮಾಡಿದಾಗ ಮೊದಲು ತೇಲಿ ಬಂದ ನಾಲ್ಕನ್ನು ಅವಳಿಗೆಂದು ತೆಗೆದಿಡುತ್ತೇನೆ. ಮರುದಿನ ಹರಿಗೋಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತೇನೆ. ಎರಡೂ ಕೈ ಡಬ್ಬಿಯ ಮೇಲೆಯೇ ಇರುತ್ತವೆ. ಯಾರ ಸೆರಗನ್ನೂ ಹಿಡಿಯುವುದಿಲ್ಲ.