ಗೇಟಿನಾಚೆ ನಿಂತ ಟೈಲರ್

ಇದನ್ನು ಹೇಳಬೇಕು ಅಂದುಕೊಂಡು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಫುಟ್‌ಬಾಲ್ ತಂಡದ ಬೆಂಬಲಿಗರೆಲ್ಲ ಸಂಜೆ ಸೇರುತ್ತಿದ್ದದ್ದು ಒಬ್ಬ ಟೈಲರ್‌ನ ಅಂಗಡಿಯಲ್ಲಿ. ಆ ವರ್ಷ ತಂಡ ಕೆಳಗಿನ ಡಿವಿಷನ್‌ಗೆ ಇಳಿಯುವ ಅಂಚಿನಲ್ಲಿತ್ತು. ಆತ ಯಾರದೋ ಪ್ಯಾಂಟಿನ ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಪಾಯಿಂಟ್ಸ್ ಬರೆದು, ಯಾರು ಸೋತರೆ ನಮಗೆ ಅನುಕೂಲ ಎಂದು ತೋರಿಸುತ್ತಿದ್ದ. ಆಮೇಲೆ ಬಟ್ಟೆ ಕೊಡವಿ, "ಉಳ್ಕೋತೀವಿ ಬಿಡಿ ಸಾರ್" ಅನ್ನುತ್ತಿದ್ದ.

"ಹೋದ ವಾರಾನೂ ಇದೇ ಹೇಳಿದ್ರಿ. ನಾಲ್ಕು ಗೋಲು ತಿಂದ್ವಿ" ಅಂತ ಯಾರಾದರೂ ರೇಗಿಸಿದರೆ, "ಐದು ತಿನ್ಲಿಲ್ವಲ್ಲ" ಅಂತ ನಗುತ್ತಿದ್ದ.

ಕೊನೆಯ ಪಂದ್ಯ ಡ್ರಾ ಆದರೂ ನಮಗೆ ಸಾಕಿತ್ತು. ಹಿಂದಿನ ದಿನ ನಾನು ಎಲ್ಲರೆದುರು ಆತನಿಗೆ ಹೇಳಿದೆ: "ನೀವು ಮದುವೆಗೆ ಹೋಗಿ ಆಟಕ್ಕೆ ಬರದೇ ಇದ್ದ ದಿನ ಮಾತ್ರ ಗೆದ್ದಿದೀವಿ. ನಾಳೆ ಬರಬೇಡಿ." ಅದು ತಮಾಷೆಯಾಗಿರಲಿಲ್ಲ, ನಾನು ನಂಬಿಯೇ ಹೇಳಿದ್ದೆ. ಆತ ಸೂಜಿಗೆ ದಾರ ಪೋಣಿಸುತ್ತಾ, "ಆಯ್ತು ಸಾರ್" ಅಂದ.

ಪಂದ್ಯ ಡ್ರಾ ಆಯಿತು. ಕುಣಿಯುತ್ತಾ ಹೊರಬಂದರೆ, ಆತ ಮೈದಾನದ ಗೇಟಿನಾಚೆ ಗೋಡೆಗೆ ಒರಗಿ ನಿಂತಿದ್ದ. ಒಳಗಿನ ಕೂಗು ಕೇಳುತ್ತಾ ಇಡೀ ಆಟ ಅಲ್ಲೇ ಕಳೆದಿದ್ದ.

"ಉಳ್ಕೊಂಡ್ವಾ ಸಾರ್?"

"ಉಳ್ಕೊಂಡ್ವಿ. ನಾನು ಹೇಳ್ಲಿಲ್ವಾ?" ಅಂದೆ.

ಆತನ ಮುಖವೆಲ್ಲ ನಗುವಾಯಿತು.

ಮುಂದಿನ ಸೀಸನ್ ಪೂರ್ತಿ ಆತ ಗೇಟಿನಾಚೆಯೇ ನಿಂತ. ಆಗಲೂ ನಾವು ಎಷ್ಟೋ ಪಂದ್ಯ ಸೋತೆವು. ಒಳಗೆ ಬನ್ನಿ ಅಂತ ನಾನು ಒಮ್ಮೆಯೂ ಕರೆಯಲಿಲ್ಲ. ತಪ್ಪಾಯಿತು ಎಂದು ನಾನು ಹೇಳಬೇಕಿದ್ದದ್ದು, ಹೇಳದೇ ಹೋದದ್ದು, ಆ ಟೈಲರ್‌ಗೆ.