ಗೆರೆಯಕ್ಕನ ಹನ್ನೊಂದು ಕ್ವೇಸಾರ್‌ಗಳು

ಖಗೋಳ ವಿಭಾಗದಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಟೈಪಿಸ್ಟ್ ಆಗಿ ಬಂದವಳು. ಟೈಪ್‌ರೈಟರ್ ಕೆಟ್ಟುಹೋದಾಗ, ಸುಮ್ಮನೆ ಕೂರಿಸುವುದೇಕೆಂದು ಯಾರೋ ಕೈಗೊಂದು ಪೆನ್ಸಿಲ್ ಕೊಟ್ಟರು. ಇಪ್ಪತ್ತೇಳು ವರ್ಷವಾದರೂ ಟೈಪ್‌ರೈಟರ್ ರಿಪೇರಿಯಾಗಿ ಬಂದಿರಲಿಲ್ಲ.

ಕೆಲಸ ಇಷ್ಟೇ. ಬಲು ದೂರದ ಕೆಲವು ಗೆಲಾಕ್ಸಿಗಳ ನಡುಮಧ್ಯೆ ಕ್ವೇಸಾರ್ ಎಂಬುದೊಂದು ಧಗಧಗ ಉರಿಯುತ್ತಿರುತ್ತದೆ. ಸುತ್ತಲಿನ ಅನಿಲ ಅದರ ಕಾವಿಗೆ ತನ್ನದೇ ಬಣ್ಣಗಳಲ್ಲಿ ಹೊಳೆಯುತ್ತದೆ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಕಾಗದಕ್ಕಿಳಿಸಿದರೆ, ಹೊಳೆದಲ್ಲೆಲ್ಲ ಒಂದೊಂದು ಗುಡ್ಡ ಏಳುತ್ತದೆ. ಗುಡ್ಡವನ್ನು ವಿದ್ವಾಂಸರು ಗೆರೆ ಎನ್ನುತ್ತಾರೆ. ಅವರನ್ನು ಕೇಳುವವರು ಯಾರು? ಇದು ಆಮ್ಲಜನಕದ ಗೆರೆ, ಅದು ಜಲಜನಕದ್ದು ಎಂದು ಗುರುತು ಹಾಕಿ, ಇರಬೇಕಾದ ಜಾಗದಿಂದ ಎಷ್ಟು ಜರುಗಿದೆ ಎಂದು ಅಳೆಯುವುದು ಅವಳ ಪಾಲು. ಅದರಿಂದ ಗೆಲಾಕ್ಸಿಯ ದೂರ, ಅನಿಲದ ವೇಗ ಎಲ್ಲವೂ ತಿಳಿಯುತ್ತದೆ. ತಿಳಿದದ್ದೆಲ್ಲ ಪ್ರೊಫೆಸರರ ಹೆಸರಿನಲ್ಲಿ ಅಚ್ಚಾಗುತ್ತದೆ. ನೂರಾ ನಲವತ್ತು ಪ್ರಬಂಧಗಳ ಪೈಕಿ ಒಂದರಲ್ಲೂ ಅವಳ ಹೆಸರಿರಲಿಲ್ಲ. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ ಎಂದರೆ ಶುದ್ಧ ಸುಳ್ಳು.

ಅವಳ ಹಳೆಯ ಕಾಗದಗಳನ್ನೆಲ್ಲ ಉಣಿಸಿ ಪ್ರೊಫೆಸರರು ಒಂದು ಕಂಪ್ಯೂಟರ್ ಪ್ರೋಗ್ರಾಂ ಸಾಕಿದರು. ಉಂಡದ್ದು ಅರಗಿದ ಮೇಲೆ ಅದು, ಹನ್ನೊಂದು ಕ್ವೇಸಾರ್‌ಗಳಿಂದ ಆಮ್ಲಜನಕ ನಮ್ಮತ್ತ ರಭಸದಿಂದ ನುಗ್ಗಿ ಬರುತ್ತಿದೆ ಎಂದಿತು. ನುಗ್ಗುವುದರಲ್ಲೂ ಎಂಥ ಶಿಸ್ತು! ಗೆಲಾಕ್ಸಿ ದೂರವಾದಷ್ಟೂ ವೇಗ ಹೆಚ್ಚು.

"ಹೊಸ ನಿಯಮಾನೇ ಸಿಕ್ಕಿಬಿಡ್ತು ಕಣಮ್ಮ! ಈ ಸಲ ನಿಮ್ಮ ಹೆಸರೂ ಹಾಕ್ತೀನಿ. ನಾಳೆ ಕಳಿಸೋದು, ಒಂದ್ಸಲ ಕಣ್ಣಾಡಿಸಿ" ಎಂದರು ಪ್ರೊಫೆಸರರು.

ಗೆರೆಯಕ್ಕನಿಗೆ ಕಣ್ಣು ತುಂಬಿ ಬಂತು. ಹನ್ನೊಂದೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಗೆಲಾಕ್ಸಿಯ ದೂರಕ್ಕೆ ತಕ್ಕಂತೆ ಉಳಿದ ಗುಡ್ಡಗಳೆಲ್ಲ ಜರುಗಿದ್ದವು. ನುಗ್ಗಿ ಬರುತ್ತಿದ್ದ ಆ ಆಮ್ಲಜನಕದ್ದು ಮಾತ್ರ ಹನ್ನೊಂದರಲ್ಲೂ ಕೂತ ಜಾಗ ಬಿಟ್ಟು ಕದಲಿರಲಿಲ್ಲ. ಉಳಿದವು ದೂರ ಸರಿದಷ್ಟೂ ಇದು ನಮ್ಮತ್ತ ನುಗ್ಗಿದಂತೆ ಪ್ರೋಗ್ರಾಂಗೆ ಕಂಡಿತ್ತು. ಆಕಾಶದ್ದಾದರೆ ಜರುಗಬೇಕು, ಜರುಗದಿದ್ದರೆ ಅದು ಭೂಮಿಯದೇ. ಅದನ್ನು ಆಮ್ಲಜನಕ ಎಂದ ಗುರುತು ಅವಳದೇ ಕೈಬರಹ, ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು.

ಬೀದಿದೀಪ ರಿಪೇರಿ ಮಾಡುವ ಗಂಡನಿಗೆ ಫೋನ್ ಮಾಡಿದಳು.

"ಏನ್ರೀ, ದೂರದರ್ಶಕ ಇರೋ ಬೆಟ್ಟದ ದಾರಿಗೆ ಪಾದರಸದ ದೀಪ ಹಾಕಿದ್ದು ಯಾವಾಗ?"

"ನೀನು ಕೆಲಸಕ್ಕೆ ಸೇರಿದ್ ವರ್ಷ. ನಾನೇ ಕಂಬ ಹತ್ತಿದ್ದು. ಯಾಕೆ?"

"ಕ್ವೇಸಾರ್ ಅಂತ ನಿಮ್ಮ ದೀಪಕ್ಕೆ ಗುರುತು ಹಾಕಿದೀನಿ ಕಣ್ರೀ."

"ಹಂಗಾದ್ರೆ ನನ್ ಹೆಸರೂ ಸೇರ್ಸು ಅನ್ನು!"

ಅವಳಿಗೆ ನಗು ಬರಲಿಲ್ಲ. ಮರುವರ್ಷವೇ ದೀಪದ ಗುಡ್ಡಗಳನ್ನು ಗುರುತಿಸಿ ಲೆಕ್ಕದಿಂದ ಬಿಡಲು ಕಲಿತಿದ್ದಳು. ಮೊದಲಿನವನ್ನು ತಿದ್ದಲು ಮರೆತಿದ್ದಳು. ಪ್ರೋಗ್ರಾಂ ಗುರುವಿನ ತಪ್ಪನ್ನೂ ಶ್ರದ್ಧೆಯಿಂದ ಕಲಿತಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಅಚ್ಚಾಗುತ್ತದೆ. ಯಾರಾದರೂ ಪತ್ತೆ ಹಚ್ಚುವಷ್ಟರಲ್ಲಿ ತಾನು ನಿವೃತ್ತಳು. ಎರಡು ಲೋಟ ಚಹಾ ಮುಗಿಯುವವರೆಗೂ ಅವಳು ಹಾಗೆಯೇ ಕೂತಿದ್ದಳು. ಆದರೆ ತಾನು ಹಾಕಿದ ಗುರುತು ನಿಜ ಎಂಬ ಹೆಮ್ಮೆಯೊಂದೇ ಅವಳ ಇಷ್ಟು ವರ್ಷದ ಗಳಿಕೆ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

"ಸಾರ್, ಆ ಗೆರೆ ಕ್ವೇಸಾರ್‌ನದಲ್ಲ, ಬೀದಿದೀಪದ್ದು. ತಪ್ಪು ನಂದೇ."

ಪ್ರೊಫೆಸರರ ಮುಖ ಹುಳ್ಳಗಾಯಿತು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅರಳಿತು. ಅವರು ಸುಮ್ಮನೆ ಪ್ರೊಫೆಸರ್ ಆಗಿರಲಿಲ್ಲ. ಮೂರೇ ತಿಂಗಳಲ್ಲಿ, ದೀಪದ ಬೆಳಕು ಕಂಪ್ಯೂಟರನ್ನು ಹೇಗೆ ಮೋಸಗೊಳಿಸುತ್ತದೆ ಎಂಬ ಪ್ರಬಂಧ ಹೊರಬಂತು. ಪತ್ತೆ ಹಚ್ಚಿದವರು ಪ್ರೊಫೆಸರರು. ಎರಡನೇ ಪುಟದಲ್ಲಿ ದೋಷದ ಮೂಲವೆಂದು ಗೆರೆಯಕ್ಕನ ಹೆಸರು ಪೂರ್ತಿಯಾಗಿ, ಇನಿಷಿಯಲ್ ಸಮೇತ.

"ಹಾಕ್ತೀನಿ ಅಂದಿದ್ನಲ್ಲ, ಮಾತು ತಪ್ಪಲಿಲ್ಲ ನೋಡಿ" ಎಂದು ಪ್ರೊಫೆಸರರು ಪ್ರತಿಯನ್ನು ಮೇಜಿನ ಮೇಲಿಟ್ಟರು.

ಗೆರೆಯಕ್ಕ ಆ ಸಾಲನ್ನು ಎರಡು ಸಲ ಓದಿದಳು, ಎಲ್ಲವನ್ನೂ ಓದುವ ಹಾಗೆಯೇ, ಅಕ್ಷರ ಅಕ್ಷರವಾಗಿ.

"ತಪ್ಪಿಲ್ಲ ಸಾರ್, ಕಾಗುಣಿತ ಸರಿಯಾಗಿದೆ" ಎಂದಳು.